ನೀರು ಬಿಟ್ಟು ತೂಕ ಇಳಿಸುವುದನ್ನು ನಿಲ್ಲಿಸೋಣ

ತಾಲ್ಲೂಕು ಮಟ್ಟದ ಪಂದ್ಯಗಳು ಹತ್ತಿರ ಬಂದವೆಂದರೆ ನಮ್ಮ ಮೈದಾನದಲ್ಲಿ ಪ್ರತಿ ವರ್ಷ ಒಂದೇ ದೃಶ್ಯ. ಮಧ್ಯಾಹ್ನದ ಬಿಸಿಲಿನಲ್ಲಿ ಕೆಲವು ಹುಡುಗರು ಟೀ ಶರ್ಟಿನ ಮೇಲೆ ಜರ್ಕಿನ್ ಹಾಕಿಕೊಂಡು ಸುತ್ತು ಹೊಡೆಯುತ್ತಿರುತ್ತಾರೆ. ಪಕ್ಕದಲ್ಲಿ ನೀರಿನ ಬಾಟಲಿ ಇರುವುದಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ತೆರೆಯುವುದಿಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಒಂದೇ: "ಇನ್ನೂ ಎರಡು ಕೆಜಿ ಇಳಿಸ್ಬೇಕು, ನಾಡಿದ್ದು ತೂಕ ಹಾಕ್ತಾರೆ."

ಕುಸ್ತಿಯಲ್ಲಿ ತೂಕದ ವಿಭಾಗಗಳಿವೆ. ನಮ್ಮ ವಯಸ್ಸಿನವರ ಕಬಡ್ಡಿಯಲ್ಲೂ ತೂಕದ ಮಿತಿ ಇದೆ. ನಾನು ಓಡುವುದು 1500 ಮೀಟರ್. ನನ್ನ ಆಟಕ್ಕೆ ಯಾರೂ ತೂಕ ಹಾಕುವುದಿಲ್ಲ. ಆದರೆ ಎಲ್ಲರೂ ಅಭ್ಯಾಸ ಮಾಡುವುದು ಒಂದೇ ಮೈದಾನದಲ್ಲಿ. ಎರಡು ವರ್ಷದಿಂದ ನೋಡುತ್ತಾ ಬಂದಿರುವುದರಿಂದ ಈ ವಿಷಯವನ್ನು ಬರೆಯಲೇಬೇಕು ಅನ್ನಿಸಿದೆ.

ಆಟಗಾರರ ಆಹಾರದ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಏನನ್ನು ಬಿಡಬೇಕು ಎಂಬುದರ ಸುತ್ತಲೇ ತಿರುಗುತ್ತದೆ. ಅನ್ನ ಬಿಡು, ರಾತ್ರಿ ಊಟ ಬಿಡು, ಕೊನೆಗೆ ನೀರೂ ಬಿಡು. ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂದು ಹೇಳುವವರು ಕಡಿಮೆ. ನನ್ನ ಅಭಿಪ್ರಾಯ ಇಷ್ಟೇ: ಹೀಗೆ ಬಿಡುವುದರಿಂದ ಆಟವೂ ಕೆಡುತ್ತದೆ, ಆರೋಗ್ಯವೂ ಕೆಡುತ್ತದೆ. ಇದನ್ನು ನಮ್ಮ ಕಾಲೇಜು ನಿಯಮ ಮಾಡಿ ನಿಲ್ಲಿಸಬೇಕು.

ಮೊದಲು ಆ ಎರಡು ಕೆಜಿ ಎಲ್ಲಿಗೆ ಹೋಗುತ್ತದೆ ಎಂದು ನೋಡೋಣ. ಎರಡು ಮೂರು ದಿನದಲ್ಲಿ ಕೊಬ್ಬು ಅಷ್ಟು ಕರಗುವುದಿಲ್ಲ. ಹೋಗುವುದು ಬಹುಪಾಲು ನೀರು. ಅದರ ಜೊತೆಗೆ ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ಕೂಡ ಹೋಗುತ್ತದೆ. ನಾವು ತಿನ್ನುವ ಅನ್ನ, ರೊಟ್ಟಿ, ಮುದ್ದೆಯಿಂದ ದೇಹ ಕೂಡಿಟ್ಟುಕೊಳ್ಳುವ ಇಂಧನವೇ ಈ ಗ್ಲೈಕೋಜನ್. ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ಬಿಟ್ಟ ಎರಡನೇ ದಿನವೇ ತೂಕ ಇಳಿದಂತೆ ಕಾಣಲು ಇದೇ ಕಾರಣ. ಇಳಿದದ್ದು ಬೊಜ್ಜಲ್ಲ, ಆಟಕ್ಕೆ ಬೇಕಾದ ಇಂಧನ ಮತ್ತು ನೀರು.

ದೇಹದ ತೂಕದ ಶೇ 2ರಷ್ಟು ನೀರು ಕಡಿಮೆಯಾದರೆ, ಅದರಲ್ಲೂ ಸೆಕೆಯಲ್ಲಿ, ದೀರ್ಘಕಾಲ ಆಡುವ ಶಕ್ತಿ ಕುಗ್ಗುತ್ತದೆ ಎಂದು ಕ್ರೀಡಾ ವೈದ್ಯಶಾಸ್ತ್ರ ಹೇಳುತ್ತದೆ. 60 ಕೆಜಿಯ ಹುಡುಗನಿಗೆ ಇದು ಕೇವಲ 1.2 ಕೆಜಿ. ನೀರು ಕಡಿಮೆಯಾದಾಗ ರಕ್ತದ ಪ್ರಮಾಣ ಕುಗ್ಗುತ್ತದೆ, ಅಷ್ಟೇ ರಕ್ತವನ್ನು ಸುತ್ತಿಸಲು ಹೃದಯ ಜೋರಾಗಿ ಬಡಿದುಕೊಳ್ಳಬೇಕಾಗುತ್ತದೆ. ಬೆವರು ಆರಿದಾಗ ಮೈ ತಣ್ಣಗಾಗುತ್ತದೆ. ಜರ್ಕಿನ್ ಒಳಗೆ ಬೆವರು ಆರುವುದೇ ಇಲ್ಲ, ಹಾಗಾಗಿ ಮೈಯ ಬಿಸಿ ಏರುತ್ತಲೇ ಹೋಗುತ್ತದೆ. ತಲೆನೋವು, ಸ್ನಾಯು ಸೆಳೆತ, ಕಣ್ಣು ಕತ್ತಲೆ ಬರುವುದು ಇವೆಲ್ಲ ಮೊದಲ ಎಚ್ಚರಿಕೆಗಳು. ಅದನ್ನೂ ಮೀರಿದರೆ ಮೂತ್ರಪಿಂಡ ಮತ್ತು ಹೃದಯಕ್ಕೆ ಪೆಟ್ಟು ಬೀಳುತ್ತದೆ.

"ತೂಕ ಹಾಕಿದ ಮೇಲೆ ಕುಡಿದರಾಯ್ತು" ಎನ್ನುತ್ತಾರೆ. ಕಳೆದುಕೊಂಡ ನೀರನ್ನು ಸರಿಯಾಗಿ ತುಂಬಿಕೊಳ್ಳಲು ಅದರ ಒಂದೂವರೆ ಪಟ್ಟು ಕುಡಿಯಬೇಕು, ಉಪ್ಪಿನಂಶವೂ ಬೇಕು. ಎರಡು ಕೆಜಿ ಇಳಿಸಿದವನು ಮೂರು ಲೀಟರ್ ಕುಡಿಯಬೇಕು. ಬೆಳಿಗ್ಗೆ ತೂಕ ಹಾಕಿ ಹತ್ತು ಗಂಟೆಗೆ ಮ್ಯಾಟಿಗೆ ಇಳಿಯುವವನಿಗೆ ಅಷ್ಟು ಸಮಯ ಎಲ್ಲಿದೆ? ಒಂದೇ ಸಲ ಕುಡಿದರೆ ಹೊಟ್ಟೆ ತುಂಬಿ ಓಡಲೂ ಆಗುವುದಿಲ್ಲ. ಗ್ಲೈಕೋಜನ್ ಮತ್ತೆ ತುಂಬಲು ಸುಮಾರು ಒಂದು ದಿನವೇ ಬೇಕು.

ನಾನು ಕಾಮರ್ಸ್ ವಿದ್ಯಾರ್ಥಿ. ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ 'ವಿಂಡೋ ಡ್ರೆಸ್ಸಿಂಗ್' ಎಂಬ ಮಾತು ಬರುತ್ತದೆ. ಮಾರ್ಚ್ 31ರ ಒಂದು ದಿನ ಬ್ಯಾಲೆನ್ಸ್ ಶೀಟ್ ಚೆನ್ನಾಗಿ ಕಾಣಲಿ ಎಂದು ಲೆಕ್ಕವನ್ನು ಅಲಂಕರಿಸುವುದಕ್ಕೆ ಹಾಗೆನ್ನುತ್ತಾರೆ. ಏಪ್ರಿಲ್ 1ಕ್ಕೆ ಸಾಲ ಅಲ್ಲೇ ಇರುತ್ತದೆ, ನಷ್ಟವೂ ಅಲ್ಲೇ ಇರುತ್ತದೆ. ನೀರು ಬಿಟ್ಟು ತೂಕ ಇಳಿಸುವುದು ಇದೇ ಕೆಲಸ. ತೂಕದ ಯಂತ್ರದ ಮೇಲೆ ಒಂದು ನಿಮಿಷ ಅಂಕಿ ಸರಿಯಾಗಿ ಕಾಣುತ್ತದೆ. ಅರ್ಧ ಗಂಟೆಯಲ್ಲಿ ಎದುರಾಳಿ ಬಂದು ನಿಲ್ಲುತ್ತಾನೆ. ಅವನು ಕಾಗದದ ಲೆಕ್ಕ ನೋಡುವವನಲ್ಲ.

ಈ ಪದ್ಧತಿಯ ಬೆಲೆ ಎಷ್ಟು ಎಂದು ಇಡೀ ದೇಶ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಡಿತು. ಮೊದಲು 53 ಕೆಜಿಯಲ್ಲಿ ಆಡುತ್ತಿದ್ದ ವಿನೇಶ್ ಫೋಗಟ್ ಅಲ್ಲಿ 50 ಕೆಜಿ ವಿಭಾಗಕ್ಕೆ ಇಳಿದಿದ್ದರು. ಆಗಸ್ಟ್ 6ರಂದು ಒಂದೇ ದಿನ ಮೂರು ಕುಸ್ತಿ ಗೆದ್ದರು. ಅದರಲ್ಲಿ ಒಂದು, ಹಿಂದಿನ ಒಲಿಂಪಿಕ್ಸ್‌ನ ಚಿನ್ನದ ವಿಜೇತೆ ಜಪಾನಿನ ಯುಯಿ ಸುಸಾಕಿ ಮೇಲೆ. ಆ ರಾತ್ರಿಯಿಡೀ ತೂಕ ಇಳಿಸುವ ಪ್ರಯತ್ನ ನಡೆಯಿತು. ನೀರು ಬಿಟ್ಟರು, ಬೆವರು ಸುರಿಸಿದರು, ಕೂದಲನ್ನೂ ಕತ್ತರಿಸಿದರು. ಮರುದಿನ ಬೆಳಿಗ್ಗೆ ಯಂತ್ರ 100 ಗ್ರಾಂ ಹೆಚ್ಚು ತೋರಿಸಿತು. ಫೈನಲ್ ಹೋಯಿತು, ಗೆದ್ದಿದ್ದ ಬೆಳ್ಳಿಯೂ ಹೋಯಿತು. ದೇಹ ಒಣಗಿ ಅವರಿಗೆ ಚಿಕಿತ್ಸೆ ಕೊಡಬೇಕಾಯಿತು. ಅವರ ಧೈರ್ಯದ ಬಗ್ಗೆ ನನಗೆ ಅಪಾರ ಗೌರವ ಇದೆ. ಅಷ್ಟು ಅನುಭವ, ಅಷ್ಟು ಜನ ಸಿಬ್ಬಂದಿ ಇದ್ದವರಿಗೇ ಹೀಗಾದರೆ, ಯೂಟ್ಯೂಬ್ ವಿಡಿಯೋ ನೋಡಿ ತೂಕ ಇಳಿಸುವ ನಮ್ಮ ಗತಿ ಏನು ಎಂಬುದಷ್ಟೇ ನನ್ನ ಪ್ರಶ್ನೆ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿರುತ್ತದೆ. ಅದೇ ಒಲಿಂಪಿಕ್ಸ್‌ನಲ್ಲಿ ಅಮನ್ ಸೆಹ್ರಾವತ್ ಸುಮಾರು ಹತ್ತು ಗಂಟೆಯಲ್ಲಿ 4.6 ಕೆಜಿ ಇಳಿಸಿ, 57 ಕೆಜಿ ವಿಭಾಗದಲ್ಲಿ ಕಂಚು ಗೆದ್ದರಲ್ಲ? ನಿಜ, ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಅವರು 21 ವರ್ಷದವರು, ವೃತ್ತಿಪರ ಕುಸ್ತಿಪಟು. ಆ ರಾತ್ರಿ ಕೋಚ್‌ಗಳು ನಿದ್ದೆ ಬಿಟ್ಟು ಪಕ್ಕದಲ್ಲೇ ಇದ್ದು ಗಂಟೆಗೊಮ್ಮೆ ತೂಕ ನೋಡಿದರು. ನಮ್ಮ ಹುಡುಗ ಒಬ್ಬನೇ, ಮನೆಯಲ್ಲಿ ಹೇಳದೆ, ಬಿಸಿಲಲ್ಲಿ ಓಡುತ್ತಾನೆ. ಕುಸಿದು ಬಿದ್ದರೆ ನೋಡುವವರೂ ಇರುವುದಿಲ್ಲ. ಬದುಕಿ ಗೆದ್ದವರ ಕಥೆ ಎಲ್ಲರಿಗೂ ತಲುಪುತ್ತದೆ, ಬಿದ್ದವರ ಕಥೆ ಅವರ ಬೀದಿಯನ್ನೂ ದಾಟುವುದಿಲ್ಲ.

ಬಿದ್ದವರ ಕಥೆಯೂ ಇದೆ. 1997ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಪಂದ್ಯಕ್ಕಾಗಿ ತೂಕ ಇಳಿಸುತ್ತಲೇ ಸತ್ತರು. 19ರಿಂದ 22 ವಯಸ್ಸಿನವರು. ಮೂವರೂ ಬೆವರು ಹೊರಹೋಗದಂಥ ಉಡುಪು ಹಾಕಿಕೊಂಡು, ಬಿಸಿಯ ಕೋಣೆಯಲ್ಲಿ ವ್ಯಾಯಾಮ ಮಾಡುತ್ತಿದ್ದವರು. ಅದಾದ ಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ನಿಯಮ ಬದಲಿಸಿತು. ಅಂಥ ಉಡುಪು, ಬಿಸಿ ಕೋಣೆ ಎರಡನ್ನೂ ನಿಷೇಧಿಸಿತು. ತೂಕ ಹಾಕುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದಿತು, ಇಳಿಸಿದವರಿಗೆ ಲಾಭವೇ ಸಿಗಬಾರದು ಎಂದು. ಪ್ರತಿಯೊಬ್ಬರಿಗೂ ಸೀಸನ್ ಆರಂಭದಲ್ಲೇ ಇಷ್ಟಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬ ಕನಿಷ್ಠ ತೂಕ ಗೊತ್ತುಮಾಡಿತು. ವಾರಕ್ಕೆ ದೇಹದ ತೂಕದ ಶೇ 1.5ಕ್ಕಿಂತ ಹೆಚ್ಚು ಇಳಿಸಬಾರದು ಎಂದಿತು. ಅಲ್ಲಿ ನಿಯಮ ಬರಲು ಮೂರು ಜೀವ ಹೋಗಬೇಕಾಯಿತು. ನಾವು ಅಲ್ಲಿಯವರೆಗೆ ಕಾಯಬೇಕೆ?

ನಮ್ಮ ಕಾಲೇಜಿನಲ್ಲಿ ಇನ್ನೊಂದು ವಾದ ಕೇಳಿಬರುತ್ತದೆ. ಇದು ಬಹುಶಃ ನಮ್ಮಂಥ ಕಾಲೇಜುಗಳಲ್ಲಿ ಮಾತ್ರ ಕೇಳಿಬರುವ ವಾದ. "ರಂಜಾನ್‌ನಲ್ಲಿ ಹದಿಮೂರು ಗಂಟೆ ನೀರಿಲ್ಲದೆ ಇರ್ತೀವಿ, ಇದೇನು ಮಹಾ?" ಎನ್ನುತ್ತಾರೆ. ಇದನ್ನು ಸ್ವಲ್ಪ ವಿವರವಾಗಿಯೇ ಮಾತಾಡಬೇಕು.

ರೋಜಾ ಮತ್ತು ತೂಕ ಇಳಿಸುವುದು ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ, ಒಳಗೆ ಪೂರ್ತಿ ಬೇರೆ. ರೋಜಾಕ್ಕೆ ಆರಂಭವಿದೆ, ಅಂತ್ಯವೂ ಇದೆ. ಬೆಳಗಿನ ಜಾವ ಸಹರಿ ತಿನ್ನುವುದು ಸುನ್ನತ್. ಸೂರ್ಯ ಮುಳುಗಿದ ತಕ್ಷಣ ಇಫ್ತಾರ್ ಮಾಡಬೇಕು, ಸುಮ್ಮನೆ ತಡ ಮಾಡುವುದು ಒಳ್ಳೆಯದಲ್ಲ ಎಂದು ಮನೆಯಲ್ಲಿ ದೊಡ್ಡವರು ಕಲಿಸಿದ್ದಾರೆ. ಇಫ್ತಾರ್‌ನಿಂದ ಸಹರಿಯವರೆಗೆ ತಿನ್ನಬಹುದು, ಕುಡಿಯಬಹುದು. ಅಂದರೆ ಹಗಲು ಕಳೆದುಕೊಂಡ ನೀರು ರಾತ್ರಿ ವಾಪಸ್ ಬರುತ್ತದೆ. ಕಾಯಿಲೆ ಇದ್ದವರಿಗೆ, ಪ್ರಯಾಣದಲ್ಲಿ ಇರುವವರಿಗೆ ಬೇರೆ ದಿನ ಇಡಲು ಕುರ್‌ಆನ್ ಅನುಮತಿ ಕೊಟ್ಟಿದೆ. ತೂಕ ಇಳಿಸುವವನಿಗೆ ಸಹರಿಯೂ ಇಲ್ಲ, ಇಫ್ತಾರೂ ಇಲ್ಲ. ಯಂತ್ರ ಒಪ್ಪುವವರೆಗೆ ಎರಡು ದಿನವೋ ಮೂರು ದಿನವೋ ಲೆಕ್ಕವಿಲ್ಲ. ಅದರ ಮೇಲೆ ಬೇಕೆಂದೇ ಬೆವರು ಸುರಿಸುತ್ತಾನೆ. ರೋಜಾ ಇಟ್ಟವರು ಬಿಸಿಲಲ್ಲಿ ಜರ್ಕಿನ್ ಹಾಕಿಕೊಂಡು ಓಡುವುದನ್ನು ಯಾರಾದರೂ ನೋಡಿದ್ದೀರಾ?

ದೇಹ ನಮ್ಮ ಬಳಿ ಇರುವ ಅಮಾನತ್ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಅಂದರೆ ಅಲ್ಲಾಹನು ಜೋಪಾನ ಮಾಡಲು ನಮ್ಮ ಕೈಗೆ ಒಪ್ಪಿಸಿದ ವಸ್ತು. ಅದನ್ನು ಒಂದು ಅಂಕಿಗಾಗಿ ಒಣಗಿಸುವುದಕ್ಕೆ ರೋಜಾದ ಹೆಸರು ಹೇಳಬಾರದು. ತೂಕಕ್ಕಾಗಿ ನೀರು ಬಿಟ್ಟು, ಉಪನ್ಯಾಸಕರು ಕೇಳಿದಾಗ "ರೋಜಾ ಇದೆ ಸರ್" ಎನ್ನುವುದು ಇನ್ನೂ ಕೆಟ್ಟದ್ದು. ಹಾಗೆಂದರೆ ಯಾವ ಉಪನ್ಯಾಸಕರೂ ಮುಂದೆ ಪ್ರಶ್ನೆ ಕೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ರೋಜಾ ಇಟ್ಟು ಆಡಲು ಸಾಧ್ಯವಿಲ್ಲ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಹಕೀಮ್ ಒಲಾಜುವಾನ್ ರಂಜಾನ್ ತಿಂಗಳಲ್ಲೂ ಉಪವಾಸ ಇದ್ದೇ ಆಡುತ್ತಿದ್ದರು. 1995ರ ಫೆಬ್ರವರಿಯಲ್ಲಿ ರಂಜಾನ್ ಇತ್ತು, ಆ ತಿಂಗಳ ಅತ್ಯುತ್ತಮ ಆಟಗಾರ ಎಂಬ ಪ್ರಶಸ್ತಿಯೂ ಅವರಿಗೇ ಬಂತು. 2012ರ ಲಂಡನ್ ಒಲಿಂಪಿಕ್ಸ್ ಪೂರ್ತಿ ರಂಜಾನ್ ತಿಂಗಳಲ್ಲೇ ನಡೆಯಿತು. ಬ್ರಿಟನ್ನಿನ ರೋಯಿಂಗ್ ಆಟಗಾರ ಮೊಹಮ್ಮದ್ ಸ್ಬಿಹಿ ಆಗ ರೋಜಾ ಇಡಲಿಲ್ಲ. ಅದಕ್ಕೆ ಬದಲಾಗಿ ಮೊರಾಕ್ಕೋದ ಬಡವರಿಗೆ 1,800 ಊಟ ಕೊಡುವ ತೀರ್ಮಾನ ಮಾಡಿದರು. ಯಾವುದು ಸರಿ ಎಂದು ತೀರ್ಪು ಹೇಳುವುದು ಉಲಮಾಗಳ ಕೆಲಸ, ನನ್ನದಲ್ಲ. ನಾನು ಗಮನಿಸಿದ್ದು ಬೇರೆ. ಇಬ್ಬರೂ ಯೋಚಿಸಿ ನಿರ್ಧಾರ ಮಾಡಿದರು. ಇಬ್ಬರ ತೀರ್ಮಾನದಲ್ಲೂ ಶಿಸ್ತು ಇತ್ತು. ರಂಜಾನ್‌ನಲ್ಲಿ ಅಭ್ಯಾಸ ಮಾಡುವ ನಮ್ಮವರೂ ಹಾಗೆಯೇ ಮಾಡಬಹುದು. ಭಾರಿ ಅಭ್ಯಾಸವನ್ನು ಇಫ್ತಾರ್ ನಂತರಕ್ಕೆ ಇಟ್ಟುಕೊಂಡು, ರಾತ್ರಿ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿದು, ಸಹರಿ ತಪ್ಪಿಸದೆ, ನಿದ್ದೆ ಕಡಿಮೆಯಾಗದಂತೆ ನೋಡಿಕೊಂಡರೆ ಆಟ ಅಷ್ಟಾಗಿ ಕುಗ್ಗುವುದಿಲ್ಲ.

ಇನ್ನು ಕೊನೆಯ ವಾದ: "ಎಲ್ಲಾ ಕಾಲೇಜಿನವರೂ ಇಳಿಸ್ತಾರೆ. ನಾವೊಬ್ಬರೇ ಬಿಟ್ಟರೆ ನಮ್ಮ ಎದುರಿಗೆ ದಪ್ಪದವರು ಬರ್ತಾರೆ." ಎದುರಾಳಿಯೂ ನೀರು ಬಿಟ್ಟು ಬಂದಿದ್ದರೆ ಅವನೂ ಒಣಗಿಯೇ ಬಂದಿರುತ್ತಾನೆ. ತಿಂದು, ಕುಡಿದು, ನಿದ್ದೆ ಮಾಡಿ ಬಂದವನಿಗೆ ಎರಡನೇ ಅರ್ಧದಲ್ಲಿ ಅದೇ ಲಾಭ. ಕಬಡ್ಡಿಯಲ್ಲಿ ಒಂದು ರೈಡ್ 30 ಸೆಕೆಂಡು. ಅಷ್ಟರಲ್ಲಿ ನುಗ್ಗಬೇಕು, ಮುಟ್ಟಬೇಕು, ಎಳೆದಾಟದಿಂದ ತಪ್ಪಿಸಿಕೊಂಡು ಗೆರೆ ತಲುಪಬೇಕು. ಈ ತರಹದ ಜೋರಿನ ಆಟಕ್ಕೆ ಸ್ನಾಯು ಸುಡುವುದು ಅನ್ನ, ರೊಟ್ಟಿಯಿಂದ ಬಂದ ಇಂಧನವನ್ನೇ. ಅದನ್ನೇ ಖಾಲಿ ಮಾಡಿಕೊಂಡು ಬಂದರೆ ಮೊದಲ ಹತ್ತು ನಿಮಿಷದ ಹುಲಿ ಕೊನೆಯ ಹತ್ತು ನಿಮಿಷದಲ್ಲಿ ಬೆಕ್ಕು.

ಇಲ್ಲಿಯವರೆಗೆ ಹೇಳಿದ್ದು ಪಂದ್ಯದ ದಿನದ ನಷ್ಟ. ಇದಕ್ಕಿಂತ ದೊಡ್ಡ ನಷ್ಟ ನಿಧಾನವಾಗಿ ಆಗುತ್ತದೆ. ನಮ್ಮದು ಬೆಳೆಯುವ ವಯಸ್ಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ 3,320 ಕಿಲೋ ಕ್ಯಾಲೊರಿ ಬೇಕು, ಹುಡುಗಿಗೆ 2,500. ಕುಳಿತು ಕೆಲಸ ಮಾಡುವ ವಯಸ್ಕ ಗಂಡಸಿಗೆ 2,110 ಸಾಕು. ಅಂದರೆ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವ ಅಬ್ಬಾಗಿಂತ ಮೈದಾನದಲ್ಲಿ ಓಡುವ ಮಗ ಒಂದೂವರೆ ಪಟ್ಟು ತಿನ್ನಬೇಕು. ಮೂಳೆಗಳು ಗಟ್ಟಿಯಾಗುವುದೂ ಬಹುಪಾಲು ಈ ವಯಸ್ಸಿನಲ್ಲೇ. ಈಗ ಕಟ್ಟದ ಮೂಳೆಯನ್ನು ನಲವತ್ತರಲ್ಲಿ ಕಟ್ಟಲಾಗುವುದಿಲ್ಲ.

ಆಟಗಾರರು ತಿಂಗಳುಗಟ್ಟಲೆ ಕಡಿಮೆ ತಿಂದರೆ ಏನಾಗುತ್ತದೆ ಎಂಬುದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಒಂದು ಹೆಸರನ್ನೇ ಕೊಟ್ಟಿತು. ಅದನ್ನು ರೆಡ್ಸ್ ಎಂದು ಕರೆಯುತ್ತಾರೆ. ಆಟಕ್ಕೆ ಖರ್ಚಾದ ಮೇಲೆ ಉಳಿಯುವ ಶಕ್ತಿ ದೇಹದ ದಿನನಿತ್ಯದ ಕೆಲಸಕ್ಕೆ ಸಾಲದೆ ಹೋಗುವ ಸ್ಥಿತಿ ಅದು. ಆಗ ದೇಹ ಒಂದೊಂದೇ ಖಾತೆಯನ್ನು ಮುಚ್ಚುತ್ತಾ ಬರುತ್ತದೆ. ಹಾರ್ಮೋನು ಏರುಪೇರಾಗುತ್ತದೆ, ಮೂಳೆ ತೆಳುವಾಗಿ ಬಿರುಕು ಬಿಡುತ್ತದೆ, ಪದೇ ಪದೇ ಜ್ವರ ನೆಗಡಿ ಬರುತ್ತದೆ, ಮನಸ್ಸು ಕುಗ್ಗುತ್ತದೆ. ಹುಡುಗಿಯರಲ್ಲಿ ಮುಟ್ಟು ನಿಂತುಹೋಗುತ್ತದೆ. ಇದು ಹುಡುಗರಿಗೂ ಆಗುತ್ತದೆ, ಹುಡುಗಿಯರಿಗೂ ಆಗುತ್ತದೆ.

ಹುಡುಗಿಯರ ಮಾತು ಬಂದದ್ದರಿಂದ ಒಂದು ಅಂಕಿ ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ 31. ಉಸಿರಾಡಿದ ಆಮ್ಲಜನಕವನ್ನು ಸ್ನಾಯುವಿಗೆ ತಲುಪಿಸುವುದು ಹಿಮೋಗ್ಲೋಬಿನ್. ಅದು ಕಡಿಮೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ಎರಡನೇ ಸುತ್ತಿಗೆ ಏದುಸಿರು ಬರುತ್ತದೆ. ಥ್ರೋಬಾಲ್ ಆಡುವ ನಮ್ಮ ತರಗತಿಯ ಹುಡುಗಿಯರಿಗೆ "ಸ್ಟ್ಯಾಮಿನಾ ಇಲ್ಲ" ಎನ್ನುವ ಮುಂಚೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದ್ದೇವೆಯೇ? ನುಗ್ಗೆ ಸೊಪ್ಪು, ಕಾಳು, ಮಾಂಸ, ಕಲೇಜಿ, ಇವುಗಳಿಂದ ಕಬ್ಬಿಣದ ಅಂಶ ಸಿಗುತ್ತದೆ. ಜೊತೆಗೆ ನಿಂಬೆಹಣ್ಣು ಹಿಂಡಿಕೊಂಡರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟ ಮುಗಿದ ತಕ್ಷಣ ಚಹಾ ಕುಡಿದರೆ ಕಡಿಮೆ ಹೀರಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ದಸ್ತರ್‌ಖಾನ್ ಎತ್ತುವ ಮುಂಚೆಯೇ ಚಹಾ ಬಂದಿರುತ್ತದೆ. ಒಂದು ಗಂಟೆ ತಡ ಮಾಡಲು ಕಾಸು ಖರ್ಚಿಲ್ಲ.

ಹಾಗಾದರೆ ಏನು ತಿನ್ನಬೇಕು? ಇಲ್ಲಿಯೂ ಒಂದು ಭ್ರಮೆ ಇದೆ. ಪ್ರೊಟೀನ್ ಡಬ್ಬಿ ಕೊಂಡರೆ ಮಾತ್ರ ಆಟಗಾರ ಎಂಬ ಭ್ರಮೆ. ಸೇರಿ ದುಡ್ಡು ಹಾಕಿ ಡಬ್ಬಿ ತರಿಸಿಕೊಂಡು, ಬೆಳಿಗ್ಗೆ ತಿಂಡಿ ತಿನ್ನದೆ ಅದನ್ನೇ ನೀರಿಗೆ ಕಲಸಿ ಕುಡಿಯುವ ಗೆಳೆಯರಿದ್ದಾರೆ. ಲೆಕ್ಕ ಹಾಕಿ ನೋಡೋಣ. ನಿಯಮಿತವಾಗಿ ಆಡುವವರಿಗೆ ದೇಹದ ಪ್ರತಿ ಕೆಜಿ ತೂಕಕ್ಕೆ 1.2ರಿಂದ 2 ಗ್ರಾಂ ಪ್ರೊಟೀನ್ ಬೇಕು ಎನ್ನುತ್ತಾರೆ ಕ್ರೀಡಾ ಪೋಷಣೆ ತಜ್ಞರು. 55 ಕೆಜಿಯ ಆಟಗಾರನಿಗೆ 1.4ರಂತೆ ಹಿಡಿದರೆ 77 ಗ್ರಾಂ. ಈಗ ಮನೆಯ ಊಟ ನೋಡಿ. ದಿನಕ್ಕೆ 300 ಗ್ರಾಂ ಅಕ್ಕಿ, ಗೋಧಿ, ರಾಗಿ ತಿಂದರೆ ಸುಮಾರು 25 ಗ್ರಾಂ. 60 ಗ್ರಾಂ ಬೇಳೆ ಅಥವಾ ಕಾಳಿನಿಂದ 14. ಎರಡು ಮೊಟ್ಟೆಯಿಂದ 12. ಅರ್ಧ ಲೀಟರ್ ಹಾಲು ಅಥವಾ ಮೊಸರಿನಿಂದ 16. 50 ಗ್ರಾಂ ಶೇಂಗಾದಿಂದ 12. ಒಟ್ಟು 79 ಗ್ರಾಂ. ಇದರಲ್ಲಿ ಮಾಂಸ ಇನ್ನೂ ಸೇರಿಲ್ಲ. ಚಿಕನ್ ಸಾಲನ್ ಮಾಡಿದ ದಿನ ಇನ್ನೂ 20 ಗ್ರಾಂ ಸೇರಿಸಿಕೊಳ್ಳಿ. ಡಬ್ಬಿಯ ಒಂದು ಚಮಚದಲ್ಲಿ ಇರುವುದು ಸುಮಾರು 24 ಗ್ರಾಂ. ಅದು ಬೆಳಗಿನ ತಿಂಡಿಯ ಜಾಗಕ್ಕೆ ಬರುವುದಿಲ್ಲ.

2024ರಲ್ಲಿ ಐಸಿಎಂಆರ್‌ನ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಬಿಡುಗಡೆ ಮಾಡಿದ ಆಹಾರ ಮಾರ್ಗಸೂಚಿಯೂ ಪ್ರೊಟೀನ್ ಪುಡಿಯಿಂದ ದೂರ ಇರಿ ಎಂದೇ ಹೇಳಿದೆ. ಆಟಗಾರರಿಗೆ ಇನ್ನೊಂದು ಅಪಾಯವೂ ಇದೆ. ಕೆಲವು ಡಬ್ಬಿಗಳಲ್ಲಿ ಲೇಬಲ್ ಮೇಲೆ ಬರೆಯದ ನಿಷೇಧಿತ ವಸ್ತು ಬೆರೆತಿರಬಹುದು. ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಅದು ಸಿಕ್ಕರೆ "ನನಗೆ ಗೊತ್ತಿರಲಿಲ್ಲ" ಎಂದರೆ ಬಿಡುವುದಿಲ್ಲ. ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ಆಟಗಾರನೇ ಹೊಣೆ ಎಂಬುದು ನಿಯಮ.

ನನ್ನ ನಾನಾ ಪ್ರಾಯದಲ್ಲಿ ಗರಡಿ ಮನೆಗೆ ಹೋಗುತ್ತಿದ್ದವರು. "ಅರ್ಧ ತಾಲೀಮು, ಅರ್ಧ ಖುರಾಕು" ಎಂದು ಅವರ ವಸ್ತಾದ್ ಹೇಳುತ್ತಿದ್ದರಂತೆ. ರಾತ್ರಿ ನೆನೆಹಾಕಿದ ಕಡಲೆ, ಹಾಲು, ನಾಲ್ಕು ಬಾದಾಮಿ, ಮನೆಯಲ್ಲಿ ಅನುಕೂಲ ಇದ್ದವರಿಗೆ ತುಪ್ಪ. ಮಟ್ಟಿಯಿಂದ ಹೊರಬಂದ ಹುಡುಗ ಏನಾದರೂ ತಿಂದು ಹೋದನೋ ಇಲ್ಲವೋ ಎಂದು ವಸ್ತಾದ್ ಕೇಳುತ್ತಿದ್ದರಂತೆ. ಅವರ ತುಪ್ಪದ ಪ್ರಮಾಣ ಇಂದು ಎಲ್ಲರಿಗೂ ಹೊಂದುವುದಿಲ್ಲ. ಆದರೆ ಆಟ ಕಲಿಸುವವರೇ ಊಟವನ್ನೂ ಕೇಳಬೇಕು ಎಂಬ ಅವರ ರೀತಿ ಇಂದಿಗೂ ಸರಿ.

ಅದಕ್ಕಾಗಿ ಪ್ರಾಂಶುಪಾಲರಿಗೆ, ದೈಹಿಕ ಶಿಕ್ಷಣ ಉಪನ್ಯಾಸಕರಿಗೆ ಮತ್ತು ಆಡಳಿತ ಮಂಡಳಿಯ ಹಿರಿಯರಿಗೆ ನನ್ನ ಮನವಿ ನಾಲ್ಕು.

ಒಂದು, ಕಾಲೇಜು ಆರಂಭವಾದ ತಿಂಗಳಲ್ಲೇ ಕುಸ್ತಿ, ಕಬಡ್ಡಿ ಆಟಗಾರರ ತೂಕ ನೋಡಿ ಬರೆದಿಡಬೇಕು. ಎರಡು ವಾರಕ್ಕೊಮ್ಮೆ ಮತ್ತೆ ನೋಡಬೇಕು. ಯಾವ ವಿಭಾಗ ಎಂಬುದು ಆಗಲೇ, ಅವರ ಸಹಜ ತೂಕ ನೋಡಿ ನಿರ್ಧಾರವಾಗಬೇಕು. ನಿಜವಾಗಿಯೂ ತೂಕ ಹೆಚ್ಚಿರುವವರು ವೈದ್ಯರನ್ನು ಕೇಳಿ, ತಿಂಗಳುಗಳ ಮುಂಚಿನಿಂದ ನಿಧಾನವಾಗಿ ಇಳಿಸಲಿ.

ಎರಡು, ಜರ್ಕಿನ್ ಅಥವಾ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದು, ನೀರು ಬಿಡುವುದು ನಮ್ಮ ಮೈದಾನದಲ್ಲಿ ನಿಷೇಧ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಹಾಗೆ ಮಾಡಿದವರನ್ನು ಬೈಯುವುದು ಬೇಡ. ಆ ದಿನ ಕೂರಿಸಿ ನೀರು ಕುಡಿಸಿ ಮನೆಗೆ ಕಳುಹಿಸಿದರೆ ಸಾಕು.

ಮೂರು, ಅಭ್ಯಾಸ ಮುಗಿದ ಮೇಲೆ ಆಟಗಾರರಿಗೆ ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಒಂದು ಹಿಡಿ ಶೇಂಗಾ ಕೊಡಬೇಕು. ಮೊಟ್ಟೆ ತಿನ್ನದವರಿಗೆ ಹೆಸರುಕಾಳಿನ ಉಸಲಿ. ನಮ್ಮ ಬೀದಿಯ ಅಂಗಡಿಯ ದರದಲ್ಲಿ ಒಬ್ಬರಿಗೆ 20 ರೂಪಾಯಿ ಒಳಗೆ ಆಗುತ್ತದೆ. 30 ಆಟಗಾರರಿಗೆ ತಿಂಗಳಿಗೆ 20 ದಿನ ಎಂದರೆ 12,000 ರೂಪಾಯಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 10ನೇ ತರಗತಿವರೆಗೆ ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ಪಿಯುಸಿಗೆ ಬಂದ ಕೂಡಲೇ ಅದು ನಿಲ್ಲುತ್ತದೆ, ಹಸಿವು ನಿಲ್ಲುವುದಿಲ್ಲ. ಸಂಜೆ ಐದಕ್ಕೆ ಅಭ್ಯಾಸ ಮಾಡುವ ಎಷ್ಟೋ ಜನ ಬೆಳಿಗ್ಗೆ ಎಂಟಕ್ಕೆ ಚಹಾ ಬಿಸ್ಕತ್ತು ತಿಂದು ಬಸ್ ಹತ್ತಿದವರು. ಗೆದ್ದ ಮೇಲೆ ಶಾಲು, ಫಲಕ, ಬ್ಯಾನರಿಗೆ ಹಣ ಹೊಂದಿಸುವ ನಾವು ಗೆಲ್ಲುವ ಮುಂಚೆ ಒಂದು ಮೊಟ್ಟೆಗೆ ಹೊಂದಿಸಲಾರೆವೇ? ಆಡಳಿತ ಮಂಡಳಿಗೆ ಕಷ್ಟವಾದರೆ ಹಳೆಯ ವಿದ್ಯಾರ್ಥಿಗಳನ್ನು ಕೇಳೋಣ. ಲೆಕ್ಕ ಬರೆಯುವ ಕೆಲಸ ನಮ್ಮ ಕಾಮರ್ಸ್ ತರಗತಿಯವರು ಮಾಡುತ್ತೇವೆ.

ನಾಲ್ಕು, ವರ್ಷಕ್ಕೆ ಎರಡು ಸಲ ಎಲ್ಲ ಆಟಗಾರರಿಗೆ, ಹುಡುಗಿಯರಿಗೆ ಮೊದಲು, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಾಲೇಜಿನಿಂದ ಒಂದು ಪತ್ರ ಬರೆದು ಕೇಳಿಕೊಳ್ಳಬಹುದು.

ಆಡುವ ಗೆಳೆಯರಿಗೂ ಒಂದು ಮಾತು. ತಂಡಕ್ಕೆ ಸೇರಬೇಕು, ಕಾಲೇಜಿನ ಹೆಸರು ತರಬೇಕು ಎಂಬ ನಿಮ್ಮ ಹಂಬಲ ದೊಡ್ಡದು. ತೂಕ ಇಳಿಸಲು ಬಿಸಿಲಲ್ಲಿ ಓಡುವ ಹುಡುಗ ಸೋಮಾರಿಯಲ್ಲ, ಎಲ್ಲರಿಗಿಂತ ಹೆಚ್ಚು ಕಷ್ಟಪಡುವವನೇ ಅವನು. ಅಷ್ಟು ಕಷ್ಟ ಸರಿಯಾದ ಕಡೆಗೆ ಹೋಗಲಿ ಎಂಬುದೇ ನನ್ನ ಆಸೆ. ಒಂದು ವಿಭಾಗ ಮೇಲೆ ಆಡಿ ಸೋತರೆ ಮುಂದಿನ ವರ್ಷ ಮತ್ತೆ ಆಡಬಹುದು. ನಾಳೆಯಿಂದ ಊಟದ ಬಿಡುವಿನಲ್ಲಿ ಡಬ್ಬಿ ತೆರೆಯಿರಿ. ಡಬ್ಬಿ ತರದಿದ್ದರೆ ಹೇಳಿ, ನಮ್ಮ ಡಬ್ಬಿಯಲ್ಲಿ ಇಬ್ಬರಿಗೆ ಸಾಲುವಷ್ಟು ಇರುತ್ತದೆ.